203 ಡಿಗ್ರಿ ಜ್ವರ

ನಮ್ಮ ಮೂಡಿಗೆರೆ ಕಡೆಯ ಮನೆಗಳಲ್ಲಿ ಥರ್ಮಾಮೀಟರ್ ಅಡುಗೆಮನೆಯ ಸಾಮಾನಲ್ಲ. ಅದರ ಜಾಗ ಬೀರು. ಪಹಣಿ ಪತ್ರ, ಅಪ್ಪನ ಮದುವೆಯ ಕೋಟು, ನುಸಿಗುಳಿಗೆ, ಇವುಗಳ ನಡುವೆ ಪ್ಲಾಸ್ಟಿಕ್ ಕೊಳವೆಯೊಳಗೆ ಹತ್ತಿಯ ಮೇಲೆ ಮಲಗಿರುತ್ತಿತ್ತು. ಹೊರಗೆ ಬಂತೆಂದರೆ ಮನೆಯಲ್ಲಿ ಯಾರದೋ ಮೈ ಸುಡುತ್ತಿದೆ ಎಂದೇ ಲೆಕ್ಕ. ಅಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಮಣಿಕಟ್ಟು ಒದರಿ ಪಾದರಸ ಇಳಿಸುತ್ತಿದ್ದರು. ಆ ಒದರುವ ಜೋರಿಗೇ ಅರ್ಧ ಜ್ವರ ಓಡಬೇಕು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ಹೊರಳಿಸಿ, ತಪ್ಪಿಸಿಕೊಳ್ಳುವ ಆ ಬೆಳ್ಳಿ ಗೆರೆಯನ್ನು ಹುಡುಕಿ "ನೂರಾ ಎರಡು" ಎನ್ನುತ್ತಿದ್ದರು. ನೂರಾ ಎರಡು ಎಂದರೆ ಶಾಲೆಗೆ ರಜೆ, ಗಂಜಿ, ನಿಂಬೆ ಉಪ್ಪಿನಕಾಯಿ, ಮತ್ತು ರಾತ್ರಿಯಿಡೀ ಪಕ್ಕದಲ್ಲಿ ಅವ್ವ. ಒಂದು ಸಂಖ್ಯೆಗೆ ಇಷ್ಟೊಂದು ಸವಲತ್ತು ಇರುವುದನ್ನು ನಾನು ಆಮೇಲೆ ಯಾವ ಪರೀಕ್ಷೆಯ ಅಂಕಪಟ್ಟಿಯಲ್ಲೂ ಕಾಣಲಿಲ್ಲ.

ನಮ್ಮ ದೇಶದ ಪದ್ಧತಿಯೂ ವಿಚಿತ್ರ. ಊರಿನ ಸೆಕೆಗೆ ಸೆಲ್ಸಿಯಸ್, ಮನುಷ್ಯನ ಜ್ವರಕ್ಕೆ ಫ್ಯಾರನ್‌ಹೀಟ್. ಎರಡನ್ನೂ ಒಂದೇ ಅಳತೆಗೆ ತಂದು ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹೀಗೆ ಬೆಳೆದವನು ಟೆಕ್ಸಸ್‌ನ ಆಸ್ಟಿನ್ನಿಗೆ ಬಂದು, ಹಿತ್ತಲಲ್ಲಿ ಹೊಗೆಯಲ್ಲಿ ಬೇಯಿಸುವ ಸ್ಮೋಕರ್ ಇಟ್ಟು, ಹಂದಿಯ ಭುಜದ ಮಾಂಸಕ್ಕೆ ನಿಸ್ತಂತು ಥರ್ಮಾಮೀಟರಿನ ಕಡ್ಡಿ ಚುಚ್ಚಿ, ಫೋನಿನಲ್ಲಿ "104" ಎಂದು ಮೂಡಿದ್ದನ್ನು ನೋಡಿದರೆ ಏನಾಗಬೇಡ? ಕೈ ತಾನಾಗಿ ಒದ್ದೆ ಬಟ್ಟೆ ಹುಡುಕುತ್ತದೆ. ಅದು ಮುಂದೆ 203ಕ್ಕೆ ಹೋಗಬೇಕಾದ ಜೀವ, ಅಥವಾ ಜೀವ ಹೋದದ್ದು, ಎಂದು ಬುದ್ಧಿ ಹೇಳಿದರೂ ಎದೆ ಒಪ್ಪುವುದಿಲ್ಲ.

ಟೆಕ್ಸಸ್‌ನಲ್ಲಿ ಹೊಗೆಯ ಅಡುಗೆಗೆ ರಾಜ ಎಂದರೆ ದನದ ಎದೆಭಾಗದ ಬ್ರಿಸ್ಕೆಟ್. ಆಸ್ಟಿನ್ನಿನ ದಕ್ಷಿಣಕ್ಕಿರುವ ಲಾಕ್‌ಹಾರ್ಟ್ ಊರನ್ನು ರಾಜ್ಯದ ಶಾಸನಸಭೆಯೇ ಬಾರ್ಬೆಕ್ಯೂ ರಾಜಧಾನಿ ಎಂದು ಘೋಷಿಸಿದೆ. ನಮ್ಮಲ್ಲಿ ವಿಧಾನಸೌಧ ಇನ್ನೂ ಯಾವ ಊರನ್ನೂ ಮುದ್ದೆ ರಾಜಧಾನಿ ಎಂದು ಘೋಷಿಸಿದ್ದು ಕಾಣೆ. ನಮ್ಮ ಮನೆಯ ಒಲವು ಮಾತ್ರ ಮಲೆನಾಡಿನದು: ಹಂದಿ. ಇಲ್ಲಿ ಅದರ ಭುಜದ ಮೇಲ್ಭಾಗಕ್ಕೆ ಬಾಸ್ಟನ್ ಬಟ್ ಎಂಬ ಹೆಸರು. ಮೂರೂವರೆ ನಾಲ್ಕು ಕಿಲೋ ತೂಗುವ, ಒಳಗೆ ಹಲಗೆಯಂಥ ಒಂದು ಮೂಳೆ ಇರುವ ಗಡ್ಡೆ. ಓಕ್ ಮರದ ತುಂಡು ಹಾಕಿ, 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಂದ ಕಾವಿನಲ್ಲಿ ಇಟ್ಟರೆ ಹನ್ನೆರಡು ಗಂಟೆಯೂ ಹಿಡಿಯಬಹುದು, ಹದಿನೈದೂ ಹಿಡಿಯಬಹುದು.

ಇದಕ್ಕೆ ಥರ್ಮಾಮೀಟರ್ ಯಾಕೆ ಎಂದು ಅವ್ವ ಕೇಳುತ್ತಾಳೆ. ಅವಳು ಮಾಂಸ ಬೆಂದಿದೆಯೋ ಎಂದು ನೋಡುವುದು ಸೌಟಿನಲ್ಲಿ ಒಂದು ತುಂಡು ಎತ್ತಿ, ಊದಿ, ಹೆಬ್ಬೆರಳಿನಲ್ಲಿ ಒತ್ತಿ. ಮಳೆಗಾಲದಲ್ಲಿ ಉಪ್ಪು ಅರಿಶಿನ ಸವರಿದ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ತೂಗಿಹಾಕಿದಾಗಲಂತೂ ಅದೂ ಇಲ್ಲ. ಒಲೆ ಹೇಗೂ ಉರಿಯುತ್ತದೆ, ಮಳೆ ಹೇಗೂ ನಿಲ್ಲುವುದಿಲ್ಲ, ಮಾಂಸ ತನ್ನ ಪಾಡಿಗೆ ಕಪ್ಪಾಗುತ್ತದೆ. ಅವಸರವೇ ಇಲ್ಲದ ಕಡೆ ಅಳತೆಗೆ ಏನು ಕೆಲಸ? ಇಲ್ಲಿ ಹಾಗಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಜನ ಕರೆದಿರುತ್ತೇವೆ, ಸೋಮವಾರ ಆಫೀಸು ಕರೆದಿರುತ್ತದೆ.

ಸಂಗತಿ ಇನ್ನೊಂದಿದೆ. ಅಮೆರಿಕದ ಕೃಷಿ ಇಲಾಖೆಯ ಪ್ರಕಾರ ಹಂದಿಯ ಇಡೀ ತುಂಡು 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ಸುಧಾರಿಸಿಕೊಂಡರೆ ತಿನ್ನಲು ಅಪಾಯವಿಲ್ಲ. 2011ರವರೆಗೆ ಅದು 71 ಇತ್ತು, ಆಮೇಲೆ ಇಳಿಸಿದರು. ಕೋಳಿಗೆ ಈಗಲೂ 74. ಆದರೆ ಭುಜದ ಮಾಂಸವನ್ನು 63ಕ್ಕೆ ಇಳಿಸಿ ಬಡಿಸಿದರೆ ಅಪಾಯ ಹೊಟ್ಟೆಗಲ್ಲ, ಹಲ್ಲಿಗೆ. ದುಡಿದ ಅಂಗ ಅದು. ಅದರ ತುಂಬ ಕೊಲಾಜೆನ್ ಎಂಬ ನಾರು ಬಿಗಿದುಕೊಂಡಿರುತ್ತದೆ. ಆ ನಾರು ನಿಧಾನಕ್ಕೆ ಕರಗಿ ಅಂಟಂಟು ಜೆಲಟಿನ್ ಆಗಬೇಕಾದರೆ ಒಳಗಿನ ಕಾವು 90 ದಾಟಿ 95ರ ಹತ್ತಿರ ಹೋಗಬೇಕು. ಇಲ್ಲಿನವರ ಬಾಯಲ್ಲಿ, ಫ್ಯಾರನ್‌ಹೀಟಿನಲ್ಲಿ, ಅದೇ ಇನ್ನೂರಾ ಮೂರು. ತಿನ್ನಬಹುದು ಎನ್ನುವ ಸಂಖ್ಯೆಗೂ ತಿನ್ನಬೇಕು ಎನ್ನಿಸುವ ಸಂಖ್ಯೆಗೂ ನಡುವೆ ಒಂದು ರಾತ್ರಿ ಇದೆ. ನಿಸ್ತಂತು ಕಡ್ಡಿಗಳ ವ್ಯಾಪಾರವೆಲ್ಲ ನಡೆಯುವುದು ಆ ರಾತ್ರಿಯ ಮೇಲೆ.

ಕಡ್ಡಿ ಆರಿಸುವಾಗ ನನಗೆ ಸಿಕ್ಕ ಗುರು ಅಪ್ಪಟ ಸಸ್ಯಾಹಾರಿ. ಉಡುಪಿ ಕಡೆಯವನು, ರೇಡಿಯೋ ಎಂಜಿನಿಯರು, ಈರುಳ್ಳಿ ತಿಂದದ್ದನ್ನೂ ತಾಯಿಗೆ ಫೋನಿನಲ್ಲಿ ಹೇಳದವನು. ಮಾಂಸದ ಥರ್ಮಾಮೀಟರಿನ ಬಗ್ಗೆ ಅವನಷ್ಟು ಓದಿಕೊಂಡವರನ್ನು ಟೆಕ್ಸಸ್‌ನಲ್ಲೇ ನಾನು ಕಂಡಿಲ್ಲ.

"ಮಾಂಸ ಅಂದ್ರೆ ಎಂತ ಮಾರಾಯ? ಮುಕ್ಕಾಲು ಪಾಲು ನೀರು," ಎಂದು ಶುರು ಮಾಡಿದ. "ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ನಿನ್ನ ಮೈಕ್ರೋವೇವ್ ಒಲೆಯದ್ದೂ ಹೆಚ್ಚು ಕಡಿಮೆ ಅದೇ. ಆ ಅಲೆಯನ್ನು ನೀರು ಕುಡಿದುಬಿಡ್ತದೆ. ನೀನು ರೇಡಿಯೋವನ್ನು ನೀರಿನ ಗಡ್ಡೆಯೊಳಗೆ ಹೂತು, ಕಬ್ಬಿಣದ ಡಬ್ಬಿಯಲ್ಲಿ ಮುಚ್ಚಿ, ಮೂರನೇ ಕೋಣೆಯಲ್ಲಿ ಮಲಗಿ, ಕೇಳಿಸ್ಬೇಕು ಅಂತೀಯ!"

"ಪೆಟ್ಟಿಗೆ ಮೇಲೆ ಅಷ್ಟುದ್ದ ದೂರ ಬರೆದಿದಾರಲ್ಲ?"

"ಅದು ಬಯಲಲ್ಲಿ. ನಡುವೆ ಎಂತದೂ ಇಲ್ಲದಾಗ. ಹಂದಿಯೂ ಇಲ್ಲದಾಗ."

ಅವನ ಉಪದೇಶದಲ್ಲಿ ಸಾರ ಇತ್ತು. ಈ ಕಡ್ಡಿಗಳ ಚೂಪು ತುದಿಯ ಕಡೆ ಒಳಗಿನ ಕಾವು ನೋಡುವ ಸಂವೇದಕ, ಬಾಲದ ಕಡೆ ಪಿಂಗಾಣಿಯ ಹಿಡಿ, ಅದರೊಳಗೆ ಆಂಟೆನಾ, ಅಲ್ಲೇ ಸ್ಮೋಕರಿನೊಳಗಿನ ಗಾಳಿಯ ಕಾವು ನೋಡುವ ಇನ್ನೊಂದು ಸಂವೇದಕ. 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಮುಂಗಡ ಹಣ ಎತ್ತಿ ಬಂದ ಮೀಟರ್ ಎಂಬ ಕಡ್ಡಿ ಈ ಮಾದರಿಯನ್ನು ಮನೆಮನೆಗೆ ಮುಟ್ಟಿಸಿತು. ಈಗ ಸಾಲುಗಟ್ಟಿ ಕಂಪನಿಗಳಿವೆ. ಒಂದೇ ಕಡ್ಡಿಯಲ್ಲಿ ನಾಲ್ಕೈದು ಸಂವೇದಕ ಇಟ್ಟವು, ಬ್ಲೂಟೂತ್ ಬಿಟ್ಟು ಒಂದು ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಹಿಡಿದವು. ಕೆಳಗಿನ ಅಲೆ ಗೋಡೆ, ನೀರು ಎಲ್ಲವನ್ನೂ ಸ್ವಲ್ಪ ಸಲೀಸಾಗಿ ದಾಟುತ್ತದೆ. ಸ್ಮೋಕರಿನ ಹತ್ತಿರ ಒಂದು ನಡುವಿನ ಪೆಟ್ಟಿಗೆ ಇಟ್ಟು, ಅಲ್ಲಿಂದ ವೈಫೈಗೆ ದಾಟಿಸುವ ಏರ್ಪಾಟು ಇದ್ದರೆ ಒಳ್ಳೆಯದು. ಕಡ್ಡಿ ತೀರ ದಪ್ಪ ಇರಬಾರದು. ಒಳತುದಿ ಎಷ್ಟು ಬಿಸಿ ತಡೆಯುತ್ತದೆ, ಹೊರತುದಿ ಎಷ್ಟು ತಡೆಯುತ್ತದೆ ಎಂಬ ಎರಡು ಅಂಕಿ ನೋಡದೆ ದುಡ್ಡು ಕೊಡಬಾರದು. ಹಳೆಯ ಕಡ್ಡಿಗಳ ಒಳತುದಿಗೆ 100 ಡಿಗ್ರಿ ಸೆಲ್ಸಿಯಸ್ಸೇ ಲಕ್ಷ್ಮಣರೇಖೆ.

ತಂತಿಯ ಕಡ್ಡಿಗೆ ನಾನು ಈಗಲೂ ಮರ್ಯಾದೆ ಕೊಡುತ್ತೇನೆ. ಅಗ್ಗ, ಮಾತು ತಪ್ಪುವುದಿಲ್ಲ, ಚಾರ್ಜು ಕೇಳುವುದಿಲ್ಲ. ಆದರೆ ಹೆಣೆದ ತಂತಿ ಕಡ್ಡಿಗೆ ಸೇರುವ ಕುತ್ತಿಗೆಯಲ್ಲಿ ತೊಳೆಯುವಾಗ ನೀರು ಇಳಿದರೆ ಮುಗಿಯಿತು, ತಣ್ಣನೆ ಮಾಂಸಕ್ಕೂ ನಾನೂರು ಡಿಗ್ರಿ ಹೇಳುತ್ತದೆ.

ಕೊನೆಗೆ ನಾನು ತಂದದ್ದು ನಾಲ್ಕು ಕಡ್ಡಿಗಳ ಒಂದು ಮರದ ಪೆಟ್ಟಿಗೆ. ಕಂಪನಿಯ ಹೆಸರು ಬೇಡ. ಅದನ್ನು ಬಳಸಲು ಆ್ಯಪ್, ಆ್ಯಪಿಗೆ ಖಾತೆ, ಖಾತೆಗೆ ಪಾಸ್‌ವರ್ಡ್, ಪಾಸ್‌ವರ್ಡಿಗೆ ಒಂದು ದೊಡ್ಡಕ್ಷರ, ಒಂದು ಅಂಕಿ. ಹಂದಿಯ ಹತ್ತಿರ ಮಾತಾಡುವುದಕ್ಕೆ ಬ್ಯಾಂಕಿನ ಲಾಕರು ತೆಗೆದಷ್ಟು ಸಂಕಟ. ಎಲ್ಲ ಆದಮೇಲೂ, ಮುಚ್ಚಳ ಹಾಕಿ ನಾನು ಮನೆಯೊಳಗೆ ಹೋದ ಕೂಡಲೇ ಸಂಬಂಧ ಕಡಿದುಬೀಳುತ್ತಿತ್ತು. ಹಿತ್ತಲಿಗೆ ಬಂದರೆ ಮತ್ತೆ ಕೂಡುತ್ತಿತ್ತು. ನಿಸ್ತಂತು ಎಂದು ತಂದದ್ದು ನನ್ನನ್ನೇ ಸ್ಮೋಕರಿಗೆ ಕಟ್ಟಿಹಾಕಿತು. ಗೆಳೆಯನೇ ದಾರಿ ತೋರಿಸಿದ: ಡ್ರಾಯರಿನಲ್ಲಿ ಬಿದ್ದಿದ್ದ ಗಾಜು ಸೀಳಿದ ಹಳೇ ಫೋನನ್ನು ಚಾರ್ಜರಿಗೆ ಸಿಕ್ಕಿಸಿ ಹಿತ್ತಲ ಕಿಟಕಿಯಲ್ಲಿ ಕೂರಿಸಿದ. ಅದು ಹಂದಿಯ ಮಾತು ಕೇಳಿ ವೈಫೈಗೆ ಹೇಳುತ್ತದೆ, ವೈಫೈ ನನಗೆ ಹೇಳುತ್ತದೆ. ನಿವೃತ್ತಿಯಾದವರಿಗೂ ಹೀಗೊಂದು ಕಿಟಕಿಯ ಕೆಲಸ ಇದ್ದರೆ ಚೆನ್ನ ಎಂದುಕೊಂಡೆ.

ಚುಚ್ಚುವುದಕ್ಕೂ ಕ್ರಮ ಇದೆ. ಗಡ್ಡೆಯ ಅತಿ ದಪ್ಪ ಜಾಗ, ಮೂಳೆಗೆ ತಾಗಬಾರದು, ಕೊಬ್ಬಿನ ಪದರದಲ್ಲಿ ನಿಲ್ಲಬಾರದು. ಕಡ್ಡಿಯ ಮೇಲೆ ಒಂದು ಗೆರೆ ಕೊರೆದಿರುತ್ತಾರೆ. ಆ ಗೆರೆ ಮಾಂಸದೊಳಗೆ ಮರೆಯಾಗುವವರೆಗೂ ತಳ್ಳಬೇಕು. ಕಾರಣ ಕೇಳಿದರೆ ನಗು ಬರುತ್ತದೆ. ಕಡ್ಡಿಯೊಳಗಿನ ಪುಟ್ಟ ಬ್ಯಾಟರಿಗೆ ಬಿಸಿ ಆಗದು. ಮಾಂಸದಲ್ಲಿ ನೀರಿರುವ ತನಕ ಅದು 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಸುಡುವ ಡಬ್ಬಿಯಲ್ಲಿ ಕಡ್ಡಿಯನ್ನು ತಣ್ಣಗೆ ಕಾಪಾಡುವುದು ಆ ಹಂದಿಯೇ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳುವುದು ಕಷ್ಟ. ಬಾಲದ ಕಡೆಯ ಸಂವೇದಕ ಹೇಳುವ ಗಾಳಿಯ ಕಾವನ್ನು ಮಾತ್ರ ಮೊದಲ ಕೆಲವು ಗಂಟೆ ನಂಬಬೇಡಿ. ತಣ್ಣನೆ ಮಾಂಸದ ಸುತ್ತ ತಣ್ಣನೆ ಗಾಳಿಯ ಒಂದು ಹೊದಿಕೆ ಇರುತ್ತದೆ, ಅದರೊಳಗೆ ಕೂತು ಅದು ಕಡಿಮೆಯೇ ಹೇಳುತ್ತದೆ. ಅದನ್ನು ನಂಬಿ ಇದ್ದಿಲು ಸುರಿದವರ ಊಟ ಹೊರಗೆ ಕರಿ, ಒಳಗೆ ಹಸಿ.

ರಾತ್ರಿ ಹತ್ತರ ಹೊತ್ತಿಗೆ ಒಳಗಿನ ಕಾವು 150 ದಾಟುತ್ತದೆ, ಫ್ಯಾರನ್‌ಹೀಟಿನಲ್ಲಿ. 155. 160. ಅಲ್ಲಿಗೆ ನಿಂತಿತು. ಹನ್ನೊಂದಕ್ಕೂ 160. ಹನ್ನೆರಡಕ್ಕೆ 159! ಗ್ರಾಫಿನ ಗೆರೆ ಘಟ್ಟ ಹತ್ತಿ ಬಂದು ಸಪಾಟಾಗಿ ಮಲಗಿಬಿಟ್ಟಿದೆ. ಇದಕ್ಕೆ ಇಲ್ಲಿ ಸ್ಟಾಲ್ ಎನ್ನುತ್ತಾರೆ. ಹೊಸಬರು ಕಡ್ಡಿ ಕೆಟ್ಟಿದೆ ಎಂದು ಕಂಪನಿಗೆ ದೂರು ಕೊಡುವುದು ಈ ಘಳಿಗೆಯಲ್ಲೇ. ಬಹುಕಾಲ ಪಂಡಿತರು ಕೊಲಾಜೆನ್ ಕರಗಲು ಶಾಖ ಖರ್ಚಾಗುತ್ತಿದೆ, ಕೊಬ್ಬು ಕರಗಲು ಖರ್ಚಾಗುತ್ತಿದೆ ಎಂದೆಲ್ಲ ವಾದ ಮಾಡಿದರು. ಗ್ರೆಗ್ ಬ್ಲಾಂಡರ್ ಎಂಬ ಭೌತವಿಜ್ಞಾನಿ ಅಳೆದು ನೋಡಿ ಹೇಳಿದ: ಬೆವರು, ಅಷ್ಟೆ. ಮಾಂಸದ ನೀರು ಮೇಲ್ಮೈಗೆ ಬಂದು ಆವಿಯಾಗುತ್ತ, ಬೆಂಕಿ ಕೊಟ್ಟಷ್ಟೇ ಕಾವನ್ನು ಹೊತ್ತುಕೊಂಡು ಹೋಗುತ್ತಿದೆ. ನೀರು ನೆನೆಸಿದ ಸ್ಪಂಜನ್ನು ಒಲೆಯಲ್ಲಿಟ್ಟರೂ ಹೀಗೇ ನಿಲ್ಲುತ್ತದೆ ಎಂದು ತೋರಿಸಿದ.

ಓದಿ ನಾನು ಸುಮ್ಮನೆ ಕೂತೆ. ನೂರಾ ಮೂರು ಜ್ವರದ ರಾತ್ರಿ ಹಣೆಯ ಮೇಲೆ ಅವ್ವ ಹಾಕುತ್ತಿದ್ದ ಒದ್ದೆ ಬಟ್ಟೆಯ ಲೆಕ್ಕವೇ ಇದು. ಬಟ್ಟೆಯ ನೀರು ಆವಿಯಾಗುತ್ತ ಮೈಯ ಬಿಸಿ ಒಯ್ಯುತ್ತಿತ್ತು, ಒಣಗಿದರೆ ಮತ್ತೆ ಅದ್ದಿ ಹಾಕುತ್ತಿದ್ದಳು. ಈ ಅನಾಥ ಗಡ್ಡೆ ತನ್ನ ಹಣೆಗೆ ತಾನೇ ಬಟ್ಟೆ ಹಾಕಿಕೊಳ್ಳುತ್ತಿದೆ.

ಅವಳಿಗೆ ಆಗ ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ. ವಿಡಿಯೋ ಕಾಲ್ ಮಾಡಿ ಗ್ರಾಫು ತೋರಿಸಿದೆ.

"ರಾತ್ರಿಯೆಲ್ಲ ಅದನ್ನ ನೋಡ್ಕಂಡು ಯಾರು ಕೂರ್ತಾರೆ ಮಗ?"

"ಯಾರೂ ಕೂರಬೇಕಾಗಿಲ್ಲವ್ವ. ಅದಕ್ಕೇ ಇದು. ಬೆಂದ ಕೂಡ್ಲೇ ಫೋನ್ ಬಡ್ಕಳುತ್ತೆ."

"ಮತ್ತೆ ನೀನ್ಯಾಕೆ ಎದ್ದಿದೀಯ?"

ಉತ್ತರ ಹೊಳೆಯಲಿಲ್ಲ. ಒಳಗಿನಿಂದ ಹೆಂಡತಿ, "ರೀ, ನಿಮ್ಮ ಪೇಷಂಟಿಗೆ ಜ್ವರ ಏರ್ತಾ ಇಲ್ವಾ ಇನ್ನೂ? ಮಲಗಿ ಬನ್ನಿ," ಎಂದಳು.

ಸ್ಟಾಲ್ ಮುರಿಯಬೇಕೆಂದರೆ ಮಾಂಸವನ್ನು ಸುತ್ತಿಬಿಡಬೇಕು. ಆವಿ ಹೊರಗೆ ಹೋಗದಿದ್ದರೆ ಬೆವರು ಕೆಲಸ ಮಾಡದು, ಕಾವು ಮತ್ತೆ ಏರುತ್ತದೆ. ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತುವುದಕ್ಕೆ ಟೆಕ್ಸಸ್ ಕ್ರಚ್ ಎಂದು ಹೆಸರು. ಆಸ್ಟಿನ್ನಿನ ಬಾರ್ಬೆಕ್ಯೂ ಬಾಣಸಿಗ ಆರನ್ ಫ್ರಾಂಕ್ಲಿನ್ ಬಳಸುವ ಗುಲಾಬಿ ಬಣ್ಣದ ಕಟುಕರ ಕಾಗದವೂ ಈಗ ಎಲ್ಲ ಹಿತ್ತಲಿಗೂ ಬಂದಿದೆ. ನನ್ನ ಮತ ಕಾಗದಕ್ಕೆ. ಹಾಳೆಯಲ್ಲಿ ಸುತ್ತಿದರೆ ಹೊರಪದರ ಮೆತ್ತಗಾಗುತ್ತದೆ, ಮೇಲಾಗಿ ಕಡ್ಡಿಯ ಬಾಲ ಒಳಗೇ ಸಿಕ್ಕಿಕೊಂಡರೆ ರೇಡಿಯೋ ಬಾಯಿಗೆ ಬಟ್ಟೆ ತುರುಕಿದಂತೆ. ಕಿಟಕಿಯ ಹಳೇ ಫೋನು ಏನೂ ಕೇಳಿಸದೆ ಪೆಚ್ಚಾಗಿ ಕೂರುತ್ತದೆ.

ಇನ್ನು ಆರೈಕೆ. ಕೊಳ್ಳುವಾಗ ತಿಂಗಳುಗಟ್ಟಲೆ ಯೋಚಿಸುವವರು ತೊಳೆಯುವುದಕ್ಕೆ ಎರಡು ನಿಮಿಷ ಕೊಡುವುದಿಲ್ಲ. ಹೊಗೆ ಎಂದರೆ ಬರೀ ಪರಿಮಳವಲ್ಲ, ಜಿಡ್ಡು ಮಸಿ. ಅದು ಕಡ್ಡಿಯ ಮೇಲೆ ಕಂದು ಅರಗಿನ ಹಾಗೆ ಕೂರುತ್ತದೆ. ನೋಡಲು ಚಂದವೇ. ಆದರೆ ಚಾರ್ಜಿನ ಪೆಟ್ಟಿಗೆಗೆ ತಾಗುವ ಲೋಹದ ಬಿಂದುವಿನ ಮೇಲೂ ಅದೇ ಕೂತಾಗ ಕಡ್ಡಿ ಪೆಟ್ಟಿಗೆಯಲ್ಲಿದ್ದೂ ಚಾರ್ಜ್ ಆಗುವುದಿಲ್ಲ. ಅದು ಗೊತ್ತಾಗುವುದು ಮಾಂಸಕ್ಕೆ ಮಸಾಲೆ ಹಚ್ಚಿ, ಇದ್ದಿಲು ಕೆಂಪಾದ ಮೇಲೆ. ಬಿಸಿ ಆರಿದ ಮೇಲೆ ಸೋಪು ನೀರಿನಲ್ಲಿ ಒರೆಸಿ, ಹತ್ತಿಯ ಕಡ್ಡಿಗೆ ಸ್ಪಿರಿಟ್ ಅದ್ದಿ ಆ ಬಿಂದುವನ್ನು ಹೊಳೆಯುವಂತೆ ಉಜ್ಜಿ. ಪಿಂಗಾಣಿ ಹಿಡಿಯನ್ನು ಇಕ್ಕುಳದಲ್ಲಿ ಹಿಡಿದು ಎಳೆಯಬೇಡಿ, ಕಲ್ಲಿನ ಕಟ್ಟೆಯ ಮೇಲೆ ಬೀಳಿಸಬೇಡಿ. ಪೆಟ್ಟಿಗೆಯೊಳಗಿನ ಪೆನ್ಸಿಲ್ ಸೆಲ್ಲನ್ನು ಮರೆಯಬೇಡಿ, ಅದು ಸೋರಿದರೆ ಪೆಟ್ಟಿಗೆಯೇ ಹೋಯಿತು.

ಸತ್ಯ ಹೇಳುತ್ತಿದೆಯೇ ಎಂದು ಆಗಾಗ ಪರೀಕ್ಷಿಸುವುದೂ ಆರೈಕೆಯೇ. ಲೋಟದ ತುಂಬ ಪುಡಿ ಮಾಡಿದ ಐಸು, ಅದು ಮುಳುಗುವಷ್ಟು ನೀರು. ಕಲಕಿ ಕಡ್ಡಿ ಅದ್ದಿದರೆ ಸೊನ್ನೆ ತೋರಿಸಬೇಕು, ಲೋಟದ ಗೋಡೆಗೆ ಮಾತ್ರ ತಾಗಿಸಬಾರದು. ಕುದಿಯುವ ನೀರಲ್ಲೂ ನೋಡಬಹುದು, ಆದರೆ ಊರು ನೋಡಿಕೊಂಡು. ಸಮುದ್ರಮಟ್ಟದ ಮಂಗಳೂರಿನಲ್ಲಿ ನೀರು 100ಕ್ಕೆ ಕುದಿದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಬೆಂಗಳೂರಿನ ತಮ್ಮನಿಗೆ ಒಂದು ಕಡ್ಡಿ ಕಳಿಸಿದ್ದೆ. "ಅಣ್ಣ, ಮೂರು ಡಿಗ್ರಿ ಸುಳ್ಳು ಹೇಳುತ್ತೆ," ಎಂದು ವಾಟ್ಸಾಪಿನಲ್ಲಿ ಸಿಟ್ಟಾದ. ಕಡ್ಡಿ ಸುಳ್ಳು ಹೇಳಲಿಲ್ಲ, ಅವನ ಮನೆ ಎತ್ತರದಲ್ಲಿದೆ.

ಇಷ್ಟೆಲ್ಲ ಆಗಿ ಬೆಳಗಿನ ಜಾವ ಫೋನು 203 ಎಂದು ಬಡಿದುಕೊಂಡಿತು ಅನ್ನಿ. ಬೆಂದಿತೆ? ಇಲ್ಲಿನ ಪಳಗಿದ ಕೈಗಳು ಅಷ್ಟಕ್ಕೇ ಒಪ್ಪುವುದಿಲ್ಲ. ಒಂದು ಗಡ್ಡೆ 198ಕ್ಕೇ ಮೆತ್ತಗಾಗುತ್ತದೆ, ಇನ್ನೊಂದು 207ಕ್ಕೂ ಮೊಂಡು ಹಿಡಿಯುತ್ತದೆ. ಹಾಗಾಗಿ ಕಡ್ಡಿಯನ್ನು ಎಳೆದು ಬೇರೆ ಬೇರೆ ಕಡೆ ಮತ್ತೆ ಚುಚ್ಚಿ ನೋಡುತ್ತಾರೆ. ತಡೆಯಿಲ್ಲದೆ ಬೆಣ್ಣೆಗೆ ಇಳಿದಂತೆ ಇಳಿದರೆ ಆಯಿತು, ಸಂಖ್ಯೆ ಏನೇ ಇರಲಿ. ಮೂಳೆ ಹಿಡಿದು ಅಲುಗಿಸಿದರೆ ಕೈಗೇ ಬರಬೇಕು. ಸಂಖ್ಯೆ ಹೇಳುವುದು ನೋಡಲು ಶುರು ಮಾಡು ಎಂದಷ್ಟೇ. ನೂರು ಡಾಲರಿನ ಆಸುಪಾಸಿನ, ಎರಡು ಸಂವೇದಕ, ಒಂದು ಆಂಟೆನಾ, ಒಂದು ಆ್ಯಪ್ ಇರುವ ಈ ಯಂತ್ರದ ಅತ್ಯುನ್ನತ ಉಪಯೋಗ, ಕೊನೆಯಲ್ಲಿ, ಚುಚ್ಚಲು ಒಂದು ಕಡ್ಡಿ.

ಆಸ್ಟಿನ್ನಿನ ಈಶಾನ್ಯಕ್ಕೆ ಲೆಕ್ಸಿಂಗ್ಟನ್ ಎಂಬ ಚಿಕ್ಕ ಊರಿದೆ. ಅಲ್ಲಿ ಶನಿವಾರ ಮಾತ್ರ ತೆರೆಯುವ ಸ್ನೋಸ್ ಬಾರ್ಬೆಕ್ಯೂ. 2008ರಲ್ಲಿ ಟೆಕ್ಸಸ್ ಮಂತ್ಲಿ ಪತ್ರಿಕೆ ಅದನ್ನು ಇಡೀ ರಾಜ್ಯಕ್ಕೇ ಮೊದಲನೆಯದು ಎಂದಿತು. ಅದನ್ನು ಅಲ್ಲಿಗೆ ಮುಟ್ಟಿಸಿದ್ದು 1935ರಲ್ಲಿ ಹುಟ್ಟಿದ ಟೂಟ್ಸಿ ಟೊಮನೆಟ್ಜ್ ಎಂಬ ಹೆಂಗಸು. ವಾರದ ದಿನಗಳಲ್ಲಿ ಶಾಲೆಯ ಕಟ್ಟಡ, ಅಂಗಳ ನೋಡಿಕೊಳ್ಳುವ ಕೆಲಸ, ಶನಿವಾರ ನಸುಕಿನಲ್ಲಿ ಸಲಿಕೆ ತುಂಬ ಕೆಂಡ ಹೊತ್ತು ಬೆಂಕಿ ಹದ ಮಾಡುವ ಕೆಲಸ. ಆಕೆ ಸಲಿಕೆ ಹಿಡಿದ ಚಿತ್ರ ನೋಡಿದರೆ ನಮ್ಮ ಊರಿನ ಮದುವೆ ಮನೆಯ ಅಡುಗೆಯ ದೊಡ್ಡಮ್ಮಂದಿರು ಸಾಲಾಗಿ ನೆನಪಾಗುತ್ತಾರೆ. ಅವರ ಕೈಗೆ ನನ್ನ ಫೋನು ಕೊಟ್ಟರೆ ಸೆರಗಿನಲ್ಲಿ ಒರೆಸಿ ಪಕ್ಕಕ್ಕೆ ಇಡುತ್ತಿದ್ದರು.

ಉಡುಪಿಯ ಗೆಳೆಯ ಆ ಭಾನುವಾರ ಬೇಗನೇ ಬಂದ. ತಿನ್ನುವುದಕ್ಕಲ್ಲ, ಅವನಿಗೆ ಚಿತ್ರಾನ್ನ ಬೇರೆ ಇತ್ತು. ರಾತ್ರಿಯ ಗ್ರಾಫು ನೋಡುವುದಕ್ಕೆ. ಸ್ಟಾಲಿನ ಸಪಾಟನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, "ಎಷ್ಟು ಚಂದ ಉಂಟು," ಎಂದ. ಆಮೇಲೆ ಮೆಲ್ಲಗೆ ವಿಷಯ ತೆಗೆದ. ಚಳಿಗಾಲ ಬಂತು, ಮನೆಯಲ್ಲಿ ಮೊಸರು ಹೆಪ್ಪಾಗುತ್ತಿಲ್ಲ. ಹಾಲನ್ನು 85 ಡಿಗ್ರಿಗೆ ಕಾಯಿಸಿ 43ಕ್ಕೆ ಆರಿಸಿ ಹೆಪ್ಪು ಹಾಕಿದರೆ ಗಟ್ಟಿ ಮೊಸರು. ಬೆರಳದ್ದಿ ನೋಡುವ ವಿದ್ಯೆ ತಾಯಿಯದು, ತನಗೆ ಬಂದಿಲ್ಲ. ಒಂದು ಕಡ್ಡಿ ಕೊಟ್ಟರೆ...

ನಾಲ್ಕನೇ ಕಡ್ಡಿ ಇನ್ನೂ ಮಾಂಸ ಮುಟ್ಟಿರಲಿಲ್ಲ. ಹೆಂಡತಿ ಅದರ ಬಾಲಕ್ಕೆ ಹಸಿರು ಟೇಪು ಸುತ್ತಿ, ಬೇರೆ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ಪಿಂಗಾಣಿ ತುದಿ ಹಾಲಿಗೆ ಮುಳುಗದಂತೆ ಬಟ್ಟೆಯ ಕ್ಲಿಪ್ಪಿಗೆ ಸಿಕ್ಕಿಸಿ ಪಾತ್ರೆಯ ಅಂಚಿಗೆ ನಿಲ್ಲಿಸುತ್ತಾನಂತೆ. ತೊಂದರೆ ಆದದ್ದು ಆ್ಯಪಿನಲ್ಲಿ. ಏನು ಬೇಯಿಸುತ್ತಿದ್ದೀರಿ ಎಂದು ಅದು ಮೊದಲು ಕೇಳುತ್ತದೆ: ದನ, ಕುರಿ, ಹಂದಿ, ಕೋಳಿ, ಮೀನು. ಒಂದನ್ನು ಒತ್ತದೆ ಮುಂದೆ ಬಿಡುವುದಿಲ್ಲ.

"ಎಂತ ಒತ್ತಿದೆ?" ಎಂದೆ, ಅವನ ಧಾಟಿಯಲ್ಲೇ.

"ಮೀನು," ಎಂದ ಸಣ್ಣ ದನಿಯಲ್ಲಿ. "ಎಷ್ಟಾದರೂ ನಮ್ಮ ಊರಿನದ್ದಲ್ವಾ. ಮೊಸರು ಭಾರೀ ಲಾಯ್ಕ ಬಂತು. ಅಮ್ಮನಿಗೆ ಮಾತ್ರ ಹೇಳ್ಬೇಡ."